ಐದೂವರೆ ಲಕ್ಷ ಕಿಲೋಮೀಟರ್ ದಾಟಿದ ಕ್ವಾಲಿಸ್ ಮತ್ತು ಅಪ್ಪಯ್ಯನ ಲೆಕ್ಕದ ಪುಸ್ತಕ

ನಮ್ಮಲ್ಲಿ ಕಾರಿನ ಆಯುಷ್ಯವನ್ನು ಎರಡು ರೀತಿ ಲೆಕ್ಕ ಹಾಕುತ್ತಾರೆ. "ಲಕ್ಷ ಕಿಲೋಮೀಟರ್ ಆಯ್ತಲ್ಲ, ಇನ್ನು ಕೊಟ್ಬಿಡಿ" ಅನ್ನುವವರು ಒಂದು ಕಡೆ. "ಹದಿನೈದು ವರ್ಷ ಆದ್ಮೇಲೆ ಓಡಿಸೋ ಹಾಗೇ ಇಲ್ವಂತೆ" ಅನ್ನುವವರು ಇನ್ನೊಂದು ಕಡೆ. ಬೆಂಗಳೂರಿನ ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ಎರಡೂ ಪಕ್ಷದವರು ಸಿಗ್ತಾರೆ. ಸಾಗರದ ನಮ್ಮ ಮನೆಯಲ್ಲಿ 2002ರಲ್ಲಿ ನೋಂದಣಿಯಾದ ಗಾಡಿ ಒಂದಿದೆ, 5,62,000 ಕಿಲೋಮೀಟರ್ ಓಡಿದೆ, ಇವತ್ತಿಗೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಅಂದರೆ ಎರಡೂ ಪಕ್ಷದವರು ಒಟ್ಟಾಗಿ ನಗ್ತಾರೆ. "ಮೀಟರ್ ಕೆಟ್ಟಿರಬೇಕು ನೋಡು" ಅಂತಾರೆ.

ಮೀಟರ್ ಕೆಟ್ಟಿಲ್ಲ. ಅದಕ್ಕೆ ಸಾಕ್ಷಿ ಅಪ್ಪಯ್ಯನ ಲೆಕ್ಕದ ಪುಸ್ತಕ. ಅಪ್ಪಯ್ಯ ಅಡುಗೆ ಕಂಟ್ರಾಕ್ಟರು. ಮದುವೆ, ಉಪನಯನ, ಗೃಹಪ್ರವೇಶ ಅಂತ ಮೂವತ್ತು ವರ್ಷದಿಂದ ಊರೂರು ತಿರುಗಿದವರು. ಉದ್ದದ ಲೆಡ್ಜರ್ ಪುಸ್ತಕದಲ್ಲಿ ಮುಂದಿನಿಂದ ಅಕ್ಕಿ, ಬೇಳೆ, ತರಕಾರಿ, ಬಾಳೆ ಎಲೆಯ ಲೆಕ್ಕ. ಅದೇ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆಗೆದರೆ ಗಾಡಿಯ ಲೆಕ್ಕ. ತಾರೀಖು, ಮೀಟರ್, ಏನು ಮಾಡಿಸಿದ್ದು, ಎಷ್ಟು ಕೊಟ್ಟಿದ್ದು. ನಾಲ್ಕೇ ಕಾಲಂ. ಇಂಥ ಐದು ಪುಸ್ತಕ ಇವೆ. ಕೆಲವು ಪುಟಗಳಲ್ಲಿ ಸಾರಿನ ಪುಡಿಯ ಕಲೆ, ಕೆಲವು ಪುಟಗಳಲ್ಲಿ ಆಯಿಲ್ ಕಲೆ. ಹೋದ ವರ್ಷ ಮಳೆಗಾಲದ ರಜೆಯಲ್ಲಿ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಹಾಕಿದೆ. ಸಾಫ್ಟ್‌ವೇರ್ ಕೆಲಸದವರಿಗೆ ಇದೊಂದು ಚಟ, ಯಾವ ಲೆಕ್ಕ ಸಿಕ್ಕಿದರೂ ಶೀಟ್‌ಗೆ ಇಳಿಸೋದು. ಆದರೆ ಇದನ್ನು ಇಳಿಸುತ್ತಾ ಹೋದ ಹಾಗೆ, ಒಂದು ಗಾಡಿ ಇಷ್ಟು ದೂರ ಓಡೋದು ಹೇಗೆ ಅನ್ನೋದು ಕಣ್ಣಿಗೆ ಕಾಣೋಕೆ ಶುರುವಾಯ್ತು. ಹಳೇ ಗಾಡಿ ಇಟ್ಟುಕೊಂಡು "ಕೊಡೋದಾ, ಇಟ್ಕೊಳ್ಳೋದಾ" ಅಂತ ಯೋಚಿಸುತ್ತಿರುವ ಓದುಗರಿಗೆ ಉಪಯೋಗ ಆಗಬಹುದು ಅಂತ ಬರೀತಿದ್ದೇನೆ.

ಕ್ವಾಲಿಸ್ ಮರೆತುಹೋದವರಿಗೆ ಒಂದು ಮಾತು. 2000ದಲ್ಲಿ ಟೊಯೊಟಾ ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಗೆ ಬಿಟ್ಟ ಮೊದಲ ಗಾಡಿ ಇದು. ನೋಡೋಕೆ ಚೌಕಾಕಾರದ ಡಬ್ಬಿ. ಅಂದ ಅಂತ ಯಾರೂ ಹೇಳಲಿಲ್ಲ, ಆದರೂ ಜನ ಮುಗಿಬಿದ್ದು ಕೊಂಡರು. ಬೆಂಗಳೂರಿನಲ್ಲಿ ಕಾಲ್ ಸೆಂಟರ್ ಶುರುವಾದ ಕಾಲದಲ್ಲಿ ರಾತ್ರಿಯೆಲ್ಲ ರಸ್ತೆ ಮೇಲೆ ಇದೇ ಕಾಣುತ್ತಿತ್ತು. 2005ರಲ್ಲಿ ಇನ್ನೋವಾ ಬಂತು, ಕ್ವಾಲಿಸ್ ನಿಂತುಹೋಯಿತು. ತುಂಬಾ ಜನ ಕ್ವಾಲಿಸ್ ಕೊಟ್ಟು ಇನ್ನೋವಾ ತಗೊಂಡರು. ಹಾಗೆ ಯಾರೋ ಕೊಟ್ಟಿದ್ದು 90,000 ಕಿಲೋಮೀಟರ್ ಓಡಿ ನಮ್ಮ ಮನೆಗೆ ಬಂತು. ಹಿಂದಿನ ಸೀಟು ಬಿಚ್ಚಿಟ್ಟರೆ ಕಡಾಯಿ, ಕೊಳದಪ್ಪಲೆ, ಸೌಟು ಎಲ್ಲ ಹಿಡಿಯುತ್ತದೆ, ನಡುವಿನ ಸೀಟಿನಲ್ಲಿ ಅಡುಗೆಯವರು ಕೂರಬಹುದು. ಅಪ್ಪಯ್ಯನಿಗೆ ಬೇಕಾಗಿದ್ದು ಅಷ್ಟೇ.

ಜಗತ್ತಿನ ಲೆಕ್ಕದಲ್ಲಿ ನಮ್ಮ ಐದೂವರೆ ಲಕ್ಷ ಏನೂ ಅಲ್ಲ, ಅದನ್ನೂ ಹೇಳಿಬಿಡ್ತೀನಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇರ್ವ್ ಗಾರ್ಡನ್ ಅಂತ ಒಬ್ಬ ವಿಜ್ಞಾನ ಮೇಷ್ಟ್ರು ಇದ್ದರು. 1966ರಲ್ಲಿ ಒಂದು ಕೆಂಪು ವೋಲ್ವೋ ಪಿ1800 ಕೊಂಡರು. ದಿನಾ ಶಾಲೆಗೆ ಹೋಗಿಬರೋದೇ ನೂರು ಮೈಲಿಗೂ ಹೆಚ್ಚು. 2013ರಲ್ಲಿ ಅಲಾಸ್ಕಾದಲ್ಲಿ ಆ ಕಾರು ಮೂವತ್ತು ಲಕ್ಷ ಮೈಲಿ ಮುಟ್ಟಿತು. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರ್. 2018ರಲ್ಲಿ ಅವರು ತೀರಿಕೊಳ್ಳುವವರೆಗೂ ಅದೇ ಕಾರು. ಗ್ರೀಸ್ ದೇಶದ ಗ್ರೆಗೋರಿಯೋಸ್ ಸಾಚಿನಿಡಿಸ್ ಅನ್ನುವ ಟ್ಯಾಕ್ಸಿ ಡ್ರೈವರ್ 1976ರ ಮರ್ಸಿಡಿಸ್ 240ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಕಂಪನಿಯ ಮ್ಯೂಸಿಯಂಗೇ ಕೊಟ್ಟರು. ಆ ಟ್ಯಾಕ್ಸಿಗೆ ನಡುನಡುವೆ ಎಂಜಿನ್ ಬದಲಾಗಿದೆ, ಗಾರ್ಡನ್ ಅವರ ಎಂಜಿನ್ನೂ ಬಿಚ್ಚಿ ಕಟ್ಟಿಸಿಕೊಂಡಿದೆ. ಅದನ್ನು ಮುಚ್ಚಿಡುವುದೇನಿಲ್ಲ. ಗಾರ್ಡನ್ ಅವರನ್ನು ಗುಟ್ಟೇನು ಅಂತ ಕೇಳಿದಾಗಲೆಲ್ಲ ಅವರು ಹೇಳುತ್ತಿದ್ದುದು, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿದ್ದನ್ನು ಬರೆದ ಹೊತ್ತಿಗೆ ಮಾಡಿ ಅಂತ. ಕೇಳೋಕೆ ಸಪ್ಪೆ. ಆದರೆ ಅಪ್ಪಯ್ಯನ ಪುಸ್ತಕದಲ್ಲೂ ಇರೋದು ಅದೇ ಸಪ್ಪೆ ವಿಷಯ, ಇಪ್ಪತ್ತೊಂದು ವರ್ಷ ಬಿಡದೆ.

ಆಯಿಲ್, ನೀರು, ಬೆಲ್ಟ್

ಶೀಟಿನಲ್ಲಿ "ಆಯಿಲ್" ಅಂತ ಹುಡುಕಿದರೆ ಬರುವ ಸಾಲುಗಳೇ ಎಲ್ಲಕ್ಕಿಂತ ಹೆಚ್ಚು. ಐದು ಸಾವಿರ ಕಿಲೋಮೀಟರಿಗೆ ಒಂದು ಸಲ ಆಯಿಲ್, ಜೊತೆಗೇ ಫಿಲ್ಟರ್. ಡೀಸೆಲ್ ಎಂಜಿನ್ನಿನಲ್ಲಿ ಮಸಿ ಜಾಸ್ತಿ. ಹೊಸ ಆಯಿಲ್ ಹಾಕಿ ಎರಡು ದಿನಕ್ಕೇ ಕಪ್ಪಾಗುತ್ತದೆ, ಅದನ್ನು ನೋಡಿ ಹೆದರಬೇಕಾಗಿಲ್ಲ. ಆ ಮಸಿಯನ್ನು ಹಿಡಿದಿಟ್ಟುಕೊಳ್ಳೋದೇ ಆಯಿಲ್ ಕೆಲಸ. ಹಿಡಿಯುವ ಶಕ್ತಿ ಮುಗಿದ ಮೇಲೂ ಅದನ್ನೇ ಓಡಿಸಿದರೆ ಒಳಗೆ ಕೆಸರು ಕಟ್ಟುತ್ತದೆ, ಬೇರಿಂಗ್ ಸವೆಯುತ್ತದೆ. ಅಪ್ಪಯ್ಯನಿಗೆ ಇದೆಲ್ಲ ವಿವರಿಸಿ ಹೇಳಿದರೆ, "ಕರಿದ ಎಣ್ಣೇಲೇ ಮತ್ತೆ ಮತ್ತೆ ಕರಿದ್ರೆ ಹಪ್ಪಳ ಹೇಗಿರ್ತದೆ ಹೇಳು" ಅಂದರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು ಸುಮ್ಮನಾದೆ.

ವಾರಕ್ಕೊಂದು ದಿನ, ಗಾಡಿ ಸ್ಟಾರ್ಟ್ ಮಾಡೋ ಮೊದಲು, ಸಮತಟ್ಟು ಜಾಗದಲ್ಲಿ ಆಯಿಲ್ ಕಡ್ಡಿ ಎಳೆದು ನೋಡುವುದು ಅವರ ನೇಮ. ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಕುಡಿಯೋಕೆ ಶುರುಮಾಡಿದ್ದು ನಾಲ್ಕು ಲಕ್ಷದ ನಂತರ, ಅದು ಪುಸ್ತಕದಲ್ಲಿ "ಅರ್ಧ ಲೀಟರ್ ಹಾಕಿದ್ದು" ಅನ್ನುವ ಸಾಲುಗಳಲ್ಲಿ ಗೊತ್ತಾಗುತ್ತದೆ. ಕುಡಿಯಲಿ, ತೊಂದರೆ ಇಲ್ಲ. ಎಷ್ಟು ಕುಡಿಯುತ್ತಿದೆ ಅಂತ ನಮಗೆ ಗೊತ್ತಿರಬೇಕು. ಗೊತ್ತಿಲ್ಲದೆ ಖಾಲಿಯಾದರೆ ಅವತ್ತೇ ಎಂಜಿನ್ ಕತೆ ಮುಗಿದ ಹಾಗೆ.

ಎರಡನೆಯದು ಬಿಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ರೂಢಿ ಇನ್ನೂ ಹೋಗಿಲ್ಲ. ಆ ನೀರಿನ ಸುಣ್ಣ ಒಳಗೆ ಕೂರುತ್ತದೆ. ನಿಮ್ಮ ಮನೆಯ ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿರುತ್ತದಲ್ಲ, ಅದೇ. ತುಕ್ಕು ಬೇರೆ. ಕೂಲಂಟ್ ಬಾಟಲಿಗೆ ನಾಲ್ಕು ಕಾಸು ಹೆಚ್ಚು ಕೊಡೋದಕ್ಕೆ ಹಿಂದೆಮುಂದೆ ನೋಡಿ, ಆಮೇಲೆ ಹೆಡ್ ಬಿಚ್ಚಿಸಿದವರನ್ನು ನಮ್ಮ ಬೀದಿಯಲ್ಲೇ ಮೂರು ಜನರನ್ನು ತೋರಿಸಬಲ್ಲೆ.

2014ರ ಮೇ ತಿಂಗಳ ಒಂದು ಸಾಲು ಪುಸ್ತಕದಲ್ಲಿ ಹೀಗಿದೆ: "ಗೇರುಸೊಪ್ಪೆ ಘಾಟಿ. ಹೋಸ್ ಪೈಪ್ ಒಡೆದಿದ್ದು. ಹೊಸ ಪೈಪ್ 340. ಟೆಂಪೊ ಬಾಡಿಗೆ 2,200." ಅವತ್ತು ಹೊನ್ನಾವರದ ಕಡೆ ಒಂದು ಮದುವೆ ಮುಗಿಸಿ, ರಾತ್ರಿಯೇ ಘಾಟಿ ಹತ್ತಿ, ಬೆಳಗಾಗುವಷ್ಟರಲ್ಲಿ ಸಾಗರದ ಹತ್ತಿರ ಇನ್ನೊಂದು ಮನೆಯ ಉಪನಯನಕ್ಕೆ ಒಲೆ ಹಚ್ಚಬೇಕಿತ್ತು. ಗಾಡಿ ತುಂಬ ಪಾತ್ರೆ, ಐದು ಜನ. ಅರ್ಧ ಹತ್ತುವಾಗ ಬಿಸಿಯ ಮುಳ್ಳು ಮೇಲೆ ಹೋಯಿತು. ಅಪ್ಪಯ್ಯ ಅಲ್ಲೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದರು. ಜೊತೆಗಿದ್ದವರೆಲ್ಲ "ಇನ್ನು ನಾಲ್ಕು ಕಿಲೋಮೀಟರ್ ಭಟ್ರೇ, ಮೇಲೆ ಹತ್ತಿಬಿಟ್ರೆ ಸಮ ದಾರಿ, ನೀರು ಹಾಕ್ಕೊಂಡು ಹೋಗೋಣ" ಅಂದರು. ಉಪ್ಪಿಟ್ಟು ಅವಲಕ್ಕಿ ಎಂಟು ಗಂಟೆಗೆ ಎಲೆಗೆ ಬೀಳದಿದ್ದರೆ ಹೆಸರು ಕೆಡುತ್ತದೆ, ಅಡುಗೆಯವರಿಗೆ ಹೆಸರೇ ಬಂಡವಾಳ. ಆದರೂ ಅಪ್ಪಯ್ಯ ಕೀ ಮುಟ್ಟಲಿಲ್ಲ. ಕೆಳಗಿನಿಂದ ಟೆಂಪೊ ಕರೆಸಿ ಪಾತ್ರೆ, ಜನ ಎಲ್ಲ ಅದರಲ್ಲಿ ಕಳಿಸಿ, ತಾವು ಒಬ್ಬರೇ ಗಾಡಿ ಹತ್ತಿರ ಬೆಳಗಿನ ತನಕ ಕೂತರು. ಅವತ್ತು ತಿಂಡಿ ಒಂದು ಗಂಟೆ ತಡವಾಯಿತು, ಮನೆಯವರ ಮುಖ ಗಂಟಾಯಿತು. ಬಿಸಿಯೇರಿದ ಎಂಜಿನ್ನನ್ನು ಹಾಗೇ ಎಳೆದರೆ ಸಿಲಿಂಡರ್ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. 340 ರೂಪಾಯಿಯ ಪೈಪು ಹತ್ತಾರು ಸಾವಿರದ ಕೆಲಸವಾಗೋದು ಆ ಕೊನೆಯ ನಾಲ್ಕು ಕಿಲೋಮೀಟರಿನಲ್ಲೇ. ನನ್ನ ಪ್ರಕಾರ ಆ ಗಾಡಿ ಇವತ್ತಿಗೂ ಇರೋದಕ್ಕೆ ಆ ಒಂದು ರಾತ್ರಿ ದೊಡ್ಡ ಕಾರಣ.

ಇನ್ನು ಟೈಮಿಂಗ್ ಬೆಲ್ಟ್. ಹೆಸರು ಕೇಳಿರುತ್ತೀರಿ, ನೋಡಿರೋದಿಲ್ಲ. ಎಂಜಿನ್ನಿನ ಮುಂಭಾಗದಲ್ಲಿ, ಮುಚ್ಚಳದ ಒಳಗೆ ಇರುವ ಹಲ್ಲುಗಳಿರುವ ರಬ್ಬರ್ ಪಟ್ಟಿ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಮುಚ್ಚಿರಬೇಕು, ಆ ತಾಳ ತಪ್ಪದ ಹಾಗೆ ನೋಡಿಕೊಳ್ಳೋದು ಇದು. ಈ ಎಂಜಿನ್ನಿನಲ್ಲಿ ಡೀಸೆಲ್ ಪಂಪ್ ತಿರುಗೋದೂ ಇದರಿಂದಲೇ. ಓಡುವಾಗ ಇದು ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಹರಿಯುವ ಮೊದಲು ಶಬ್ದ ಮಾಡಿ ತಿಳಿಸುತ್ತದಾ ಅಂದ್ರೆ ಸಾಮಾನ್ಯವಾಗಿ ಇಲ್ಲ. ಹಾಗಾಗಿ ಇದಕ್ಕೆ ಇರುವ ಒಂದೇ ಔಷಧಿ ಲೆಕ್ಕ. ಲಕ್ಷ ಕಿಲೋಮೀಟರಿಗೆ ಒಂದು ಸಲ ಬದಲಾಯಿಸಬೇಕು. ನಮ್ಮದು ಕೊಂಡಾಗ 90,000 ಆಗಿತ್ತು, ಹಿಂದಿನವರು ಏನು ಮಾಡಿಸಿದ್ದರು ಅನ್ನೋದಕ್ಕೆ ಚೀಟಿ ಇರಲಿಲ್ಲ. ಮೇಸ್ತ್ರಿ ಮೊದಲ ವಾರವೇ ಬೆಲ್ಟ್ ಬಿಚ್ಚಿ ಎಸೆದರು. ಆಮೇಲೆ 1,90,000, 2,90,000, 3,90,000, 4,90,000. ಪುಸ್ತಕದಲ್ಲಿ ಈ ಐದು ಸಾಲಿನ ಕೆಳಗೂ ಕೆಂಪು ಗೆರೆ ಇದೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ. ಮೀಟರ್ ಹಿಂದೆ ತಿರುಗಿಸುವವರು ಇದ್ದಾರೆ, ಆದ್ದರಿಂದ ಮೀಟರ್ ನಂಬಿ ಬೆಲ್ಟ್ ಬಿಡಬೇಡಿ. ಚೀಟಿ ಇಲ್ಲ ಅಂದರೆ ಹೊಸದು ಹಾಕಿಸಿ. ಕೆಲವು ಎಂಜಿನ್ನಿಗೆ ಬೆಲ್ಟ್ ಬದಲು ಚೈನ್ ಇರುತ್ತದೆ, ನಿಮ್ಮದು ಯಾವುದು ಅಂತ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ.

ನಿಂತರೆ ಕೆಡುತ್ತದೆ

ನಾನು ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ ಇದ್ದ ಪುಟಗಳು 2020ರದ್ದು. ಲಾಕ್‌ಡೌನ್. ಮದುವೆಗೆ ಐವತ್ತೇ ಜನ ಅಂತ ಆಯಿತು, ಐವತ್ತು ಜನರಿಗೆ ಅಡುಗೆ ಮನೆಯವರೇ ಮಾಡಿಕೊಂಡರು. ಅಪ್ಪಯ್ಯನ ಪುಸ್ತಕದ ಮುಂದಿನ ಪುಟಗಳು ತಿಂಗಳುಗಟ್ಟಲೆ ಖಾಲಿ. ಹಿಂದಿನ ಪುಟಗಳೂ ಖಾಲಿ, ಗಾಡಿ ಕೊಟ್ಟಿಗೆಯ ಪಕ್ಕ ನಿಂತೇ ಇತ್ತು. ಸೆಪ್ಟೆಂಬರಿನಲ್ಲಿ ತೆಗೆಯೋಕೆ ಹೋದರೆ ಬ್ಯಾಟರಿ ಸತ್ತಿತ್ತು. ಹಿಂದಿನ ಬ್ರೇಕ್ ಹಿಡಿದುಕೊಂಡು ಚಕ್ರ ತಿರುಗಲಿಲ್ಲ. ಇಲಿ ಬಾನೆಟ್ ಒಳಗೆ ಅಡಿಕೆ ಸಿಪ್ಪೆಯ ಗೂಡು ಕಟ್ಟಿ, ವೈರ್ ಕಡಿದು ಸಂಸಾರ ಹೂಡಿತ್ತು. ಟೈರಿನ ಒಂದೇ ಕಡೆ ಭಾರ ಕೂತು ಓಡುವಾಗ ದಡದಡ. ಆ ವರ್ಷ ಗಾಡಿ ಓಡಿದ್ದು 4,000 ಕಿಲೋಮೀಟರಿಗೂ ಕಡಿಮೆ, ಖರ್ಚಾದದ್ದು ಹಿಂದಿನ ಎರಡು ವರ್ಷ ಸೇರಿಸಿದಷ್ಟು. ಅದೂ ಕೈಯಲ್ಲಿ ದುಡ್ಡೇ ಇಲ್ಲದ ವರ್ಷ. ಅಪ್ಪಯ್ಯ ಗಾಡಿ ಮಾರುವ ಮಾತು ಆಡಿದ್ದು ಅದೊಂದೇ ಸಲ.

"ಓಡೋ ಗಾಡಿ ಹಾಳಾಗಲ್ಲ ಭಟ್ರೇ, ನಿಂತ ಗಾಡಿ ಹಾಳಾಗೋದು" ಅಂದಿದ್ದು ಮೇಸ್ತ್ರಿ.

ಇದು ಬರೀ ಮಾತಲ್ಲ. ಎಂಜಿನ್ ತಣ್ಣಗಿದ್ದು ಸ್ಟಾರ್ಟ್ ಆಗುವ ಹೊತ್ತಿನಲ್ಲಿ ಆಯಿಲ್ ಇನ್ನೂ ಮೇಲೆ ಏರಿರೋದಿಲ್ಲ, ಸವೆತ ಹೆಚ್ಚು ಆಗೋದು ಆಗಲೇ. ಒಂದೇ ಸಲ ಸ್ಟಾರ್ಟ್ ಮಾಡಿ ಇನ್ನೂರು ಕಿಲೋಮೀಟರ್ ಹೋಗುವ ಟ್ಯಾಕ್ಸಿ, ದಿನಾ ನಾಲ್ಕು ಸಲ ಸ್ಟಾರ್ಟ್ ಮಾಡಿ ಎರಡೆರಡು ಕಿಲೋಮೀಟರ್ ಹೋಗುವ ಮನೆ ಕಾರಿಗಿಂತ ಹೆಚ್ಚು ಬಾಳೋದು ಇದಕ್ಕೇ. ಗಾರ್ಡನ್ ಮೇಷ್ಟ್ರ ದಿನದ ನೂರು ಮೈಲಿ, ಗ್ರೀಸಿನ ಟ್ಯಾಕ್ಸಿ, ನಮ್ಮ ಅಪ್ಪಯ್ಯನ ಮದುವೆ ಸೀಸನ್ನು, ಎಲ್ಲದರ ಗುಟ್ಟೂ ಸ್ವಲ್ಪಮಟ್ಟಿಗೆ ಇದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ವಾರಕ್ಕೊಂದು ಸಲ ತರಕಾರಿ ತರೋಕೆ ಮಾತ್ರ ಕಾರು ತೆಗೆಯುವವರು ತಿಂಗಳಿಗೊಮ್ಮೆಯಾದರೂ ಒಂದು ಗಂಟೆ ಹೈವೇ ಮೇಲೆ ಬಿಟ್ಟುಕೊಂಡು ಬನ್ನಿ. ಮತ್ತೆ, ಕಡಿಮೆ ಓಡಿದೆ ಅಂತ ಆಯಿಲ್ ಬಿಡಬೇಡಿ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ಮೇಸ್ತ್ರಿ ಬಗ್ಗೆ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಹೆಸರು ಬೇಡ, ಊರಲ್ಲಿ ಎಲ್ಲರಿಗೂ ಅವರು ಮೇಸ್ತ್ರಿಯೇ. ತಗಡಿನ ಶೀಟಿನ ಗ್ಯಾರೇಜು, ಒಂದು ಗುಂಡಿ, ಒಬ್ಬ ಹುಡುಗ. ಬಾಯಲ್ಲಿ ಕವಳ. ಗಾಡಿ ಗೇಟಿನ ಒಳಗೆ ಬರುವ ಶಬ್ದಕ್ಕೇ "ಎಡಗಡೆ ಬುಷ್ ಹೋಗಿದೆ" ಅನ್ನುತ್ತಾರೆ. ಒಂದು ಸಲ ಅಪ್ಪಯ್ಯ ನಮ್ಮ ಮನೆಗೆ ಬಂದಾಗ ಕ್ಲಚ್ ಒತ್ತಿದರೆ ಕಿರ್ ಅನ್ನುತ್ತಿತ್ತು. ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ತೋರಿಸಿದೆವು. ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟು, ಗೇರ್‌ಬಾಕ್ಸೇ ಬದಲಾಯಿಸಬೇಕು, ಇಷ್ಟು ಹಳೇ ಗಾಡಿಗೆ ಯಾಕೆ ಸರ್ ಅಂದರು. ಅಪ್ಪಯ್ಯ ಕಾಫಿ ಕುಡಿದು, ಕ್ಲಚ್ ಆದಷ್ಟು ಕಡಿಮೆ ಮುಟ್ಟುತ್ತಾ ಸಾಗರಕ್ಕೆ ಓಡಿಸಿಕೊಂಡು ಹೋದರು. ಕೆಟ್ಟಿದ್ದದ್ದು ಕ್ಲಚ್ಚಿನ ರಿಲೀಸ್ ಬೇರಿಂಗ್ ಒಂದೇ.

ಈ ಕ್ವಾಲಿಸ್ಸಿನಲ್ಲಿ ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಕಂಪ್ಯೂಟರ್ ಇಲ್ಲ, ಸೆನ್ಸರುಗಳ ಗೋಜಲಿಲ್ಲ. ಕಿವಿ, ಕೈ, ಸ್ಪ್ಯಾನರ್ ಇದ್ದವರು ದುರಸ್ತಿ ಮಾಡಬಹುದು. ಹಾಗಂತ ಹೊಸ ಗಾಡಿಗಳು ಬಾಳೋದಿಲ್ಲ ಅನ್ನೋ ವಾದ ನನ್ನದಲ್ಲ. ಅವುಗಳ ಎಂಜಿನ್ನೂ ಚೆನ್ನಾಗಿ ಬಾಳುತ್ತವೆ, ಹೊಗೆಯೂ ಎಷ್ಟೋ ಕಡಿಮೆ. ಆದರೆ ಇಪ್ಪತ್ತು ವರ್ಷ ಆದ ಮೇಲೆ ಆ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುತ್ತದಾ, ಅದರ ಸಾಫ್ಟ್‌ವೇರ್ ಯಾರ ಹತ್ತಿರ ಇರುತ್ತದೆ ಅನ್ನೋ ಪ್ರಶ್ನೆ ಸಾಫ್ಟ್‌ವೇರ್ ಬರೆಯುವ ನನಗೇ ಕಾಡುತ್ತದೆ. ಹತ್ತು ವರ್ಷ ಹಳೆಯ ಕೋಡ್ ನಮ್ಮ ಆಫೀಸಿನಲ್ಲಿ ಯಾರೂ ಮುಟ್ಟೋದಿಲ್ಲ.

ಬಿಡಿಭಾಗ ತರೋ ಕೆಲಸ ನನ್ನದು. ಮೇಸ್ತ್ರಿ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ಕಳಿಸುತ್ತಾರೆ, ನಾನು ಶನಿವಾರ ಜೆ.ಸಿ. ರಸ್ತೆಗೆ ಹೋಗುತ್ತೇನೆ. ಅಲ್ಲಿಯ ಅಂಗಡಿಯವರಿಗೆ ಸಾಮಾನಿನ ಹೆಸರೂ ಬೇಕಾಗಿಲ್ಲ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಒಳಗೆ ಹೋಗುತ್ತಾರೆ. "ಒರಿಜಿನಲ್ಲಾ, ಲೋಕಲ್ಲಾ" ಅಂತ ಒಂದೇ ಪ್ರಶ್ನೆ. ಮೇಸ್ತ್ರಿಯ ನಿಯಮ ಹೀಗಿದೆ. ಬಾಗಿಲ ಹಿಡಿ, ಕನ್ನಡಿ, ಇಂಡಿಕೇಟರ್ ಗಾಜು ಲೋಕಲ್ ಆದರೂ ಸರಿ, ಗುಜರಿಯದ್ದಾದರೂ ಸರಿ. ಬ್ರೇಕು, ಸ್ಟೇರಿಂಗು, ಬೆಲ್ಟು, ನೀರಿನ ಪಂಪು, ಇವು ನಾಲ್ಕು ಒರಿಜಿನಲ್ಲೇ. "ನಿಲ್ಲಿಸೋದು, ತಿರುಗಿಸೋದು, ಎಂಜಿನ್ ಉಳಿಸೋದು, ಇದ್ರಲ್ಲಿ ದುಡ್ಡು ಉಳಿಸ್ಬೇಡ ತಮ್ಮಾ."

ದುಡ್ಡಿನ ಮಾತು ಬಂತಲ್ಲ, ಲೆಕ್ಕ ಹೇಳಿಬಿಡುತ್ತೇನೆ. ಡೀಸೆಲ್, ಇನ್ಶೂರೆನ್ಸ್ ಬಿಟ್ಟು ಉಳಿದಿದ್ದೆಲ್ಲ ಸೇರಿಸಿದರೆ 21 ವರ್ಷಕ್ಕೆ ಸುಮಾರು 8,60,000 ರೂಪಾಯಿ. ನಮ್ಮ ಕೈಯಲ್ಲಿ ಓಡಿದ್ದು 4,72,000 ಕಿಲೋಮೀಟರ್. ಕಿಲೋಮೀಟರಿಗೆ ಒಂದು ರೂಪಾಯಿ ಎಂಬತ್ತೆರಡು ಪೈಸೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ನುಂಗಿದ್ದು ಎಂಜಿನ್ ಅಲ್ಲ, ಟೈರು. ಆಮೇಲೆ ಕ್ಲಚ್ಚು ಮತ್ತು ಸಸ್ಪೆನ್ಷನ್ನು, ನಮ್ಮ ರಸ್ತೆಗಳ ದಯೆ. ಈ ಲೆಕ್ಕ ನೋಡಿ ಅಪ್ಪಯ್ಯ ಹಿಗ್ಗಿದರು. ಆಯಿ ಮಾತ್ರ, "ಆ ಗಾಡಿಗೆ ಐದು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಹಾಕ್ತಾರೆ, ನನ್ನ ಮಂಡಿಗೆ ಕೇಳೋರಿಲ್ಲ" ಅಂದಳು. ಅದರ ಮರುವಾರವೇ ಶಿವಮೊಗ್ಗದಲ್ಲಿ ಮಂಡಿ ಡಾಕ್ಟರ್ ಹತ್ತಿರ ಹೋಗಿಬಂದರು. ಹೋಗಿದ್ದು ಅದೇ ಗಾಡಿಯಲ್ಲಿ.

ತುಕ್ಕು ಮತ್ತು ಮೊಮ್ಮಗಳು

ಕಾನೂನಿನ ವಿಷಯದಲ್ಲಿ ತುಂಬಾ ಜನಕ್ಕೆ ಗೊಂದಲ ಇದೆ. ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದು, ಅದರ ಮೇಲೆ ಕೋರ್ಟು ಕಚೇರಿ ನಡೆಯುತ್ತಲೇ ಇದೆ. ಆ ಸುದ್ದಿ ಇಲ್ಲಿಯವರೆಗೆ ಬರುವಷ್ಟರಲ್ಲಿ "ಎಲ್ಲ ಕಡೆ ಬ್ಯಾನ್" ಅಂತಾಗಿರುತ್ತದೆ. ನಮ್ಮಲ್ಲಿ ಸ್ವಂತ ಕಾರಿಗೆ ಹದಿನೈದು ವರ್ಷ ಆದ ಮೇಲೆ ಆರ್‌ಟಿಒಗೆ ಗಾಡಿ ಒಯ್ದು ತೋರಿಸಿ, ಫಿಟ್ ಇದೆ ಅಂತಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಹಸಿರು ತೆರಿಗೆ ಕಟ್ಟಬೇಕು, ಹೊಗೆ ತಪಾಸಣೆ ಚೀಟಿ ಇರಬೇಕು. ಶುಲ್ಕ ಮಾತ್ರ ಏರುತ್ತಾ ಇದೆ. 2022ರ ಏಪ್ರಿಲ್‌ನಿಂದ ಕಾರಿಗೆ 5,000 ಆಯಿತು, 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಮಾಡಿದರು. ನಮ್ಮದಕ್ಕೆ 2017ರಲ್ಲಿ, 2022ರಲ್ಲಿ ಎರಡು ಸಲ ಆಗಿದೆ. ಮುಂದಿನದು 2027.

ಆ 2027ರಲ್ಲಿ ಗಾಡಿಯನ್ನು ತಡೆಯುವಂಥದ್ದು ಏನಾದರೂ ಇದ್ದರೆ ಅದು ಎಂಜಿನ್ ಅಲ್ಲ, ತುಕ್ಕು. ಎಂಜಿನ್ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು, ಚಾಸಿಸ್ ಒಳಗಿನಿಂದ ಪುಡಿಯಾದರೆ ಮುಗಿಯಿತು. ಸಾಗರದ ಮಳೆ ಗೊತ್ತಲ್ಲ. ನಾಲ್ಕು ತಿಂಗಳು ಗಾಡಿಯ ಅಡಿಭಾಗ ಒಣಗೋದೇ ಇಲ್ಲ. ಕೆಂಪು ಮಣ್ಣು ಮೆತ್ತಿಕೊಂಡು ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ಇರುತ್ತದೆ. ಮಳೆಗಾಲದಲ್ಲೂ ಹದಿನೈದು ದಿನಕ್ಕೊಮ್ಮೆ ಅಡಿಗೆ ನೀರು ಹೊಡೆದು ಮಣ್ಣು ತೆಗೆಯಬೇಕು. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೋಗೋಕೆ ಸಣ್ಣ ತೂತುಗಳಿರುತ್ತವೆ, ಕಸ ಕಟ್ಟಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಒಂದು ಹಿಡಿಕಡ್ಡಿ ಸಾಕು, ಬಿಡಿಸೋಕೆ. ಕೆಲವರು ಹಳೇ ಎಂಜಿನ್ ಆಯಿಲನ್ನೇ ಅಡಿಗೆ ಹೊಡೆಸುತ್ತಾರೆ. ಬೇಡ. ರಬ್ಬರ್ ಬುಷ್ ಹಾಳು, ಅಂಗಳದ ಮಣ್ಣೂ ಹಾಳು. ದುಡ್ಡು ಕೊಟ್ಟು ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ, ಅದೂ ಬೇಸಿಗೆಯಲ್ಲಿ, ಪೂರ್ತಿ ಒಣಗಿದ ಮೇಲೆ. ಒದ್ದೆ ತುಕ್ಕಿನ ಮೇಲೆ ಬಳಿದರೆ ತುಕ್ಕನ್ನು ಒಳಗೆ ಬಚ್ಚಿಟ್ಟ ಹಾಗೆ. ನಮ್ಮದರಲ್ಲಿ ಹಿಂದಿನ ಚಕ್ರದ ಮೇಲಿನ ತಗಡು ಎರಡು ಕಡೆ ವೆಲ್ಡಿಂಗ್ ಕಂಡಿದೆ. ಚಾಸಿಸ್ಸಿಗೆ ಮೇಸ್ತ್ರಿ ಪ್ರತಿ ಬೇಸಿಗೆಯಲ್ಲಿ ಸುತ್ತಿಗೆಯಿಂದ ಬಡಿದು ನೋಡುತ್ತಾರೆ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದುಹೋಗಿದ್ದು ದಪ್ ಅನ್ನುತ್ತದೆ. ಈ ಏಪ್ರಿಲ್‌ವರೆಗೂ ಟಣ್.

ಇನ್ನೊಂದು ವಿಷಯವನ್ನು ಹಳೇ ಗಾಡಿಯ ಪ್ರೀತಿಯಲ್ಲಿ ನಾವೆಲ್ಲ ಮಾತಾಡದೆ ಬಿಡುತ್ತೇವೆ. ನಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಆ ಕಾಲದ ಹೆಚ್ಚಿನ ಗಾಡಿಗಳಲ್ಲಿ ಇರಲಿಲ್ಲ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈನಲ್ಲಿ. ಎಷ್ಟು ಚೆನ್ನಾಗಿ ಆಯಿಲ್ ಬದಲಾಯಿಸಿದರೂ ಏರ್‌ಬ್ಯಾಗ್ ಹುಟ್ಟಿಕೊಳ್ಳೋದಿಲ್ಲ. ನನ್ನ ಮಗಳಿಗೆ ಈಗ ಒಂದೂವರೆ ವರ್ಷ. ಕಳೆದ ದೀಪಾವಳಿಗೆ ಅಪ್ಪಯ್ಯ ಬೆಂಗಳೂರಿಗೆ ಬಂದು, ಮೊಮ್ಮಗಳನ್ನು ತಮ್ಮ ಗಾಡಿಯಲ್ಲೇ ಊರಿಗೆ ಕರೆದುಕೊಂಡು ಹೋಗುವ ಆಸೆ ಇಟ್ಟುಕೊಂಡಿದ್ದರು. ಸೀಟು ತೊಳೆಸಿ, ಹೊಸ ಕವರ್ ಹಾಕಿಸಿದ್ದರು. ನಾನು ಆಗೋದಿಲ್ಲ ಅಂದೆ. ಹೈವೇ ಮೇಲೆ ಬೇಡ, ಮಗು ನಮ್ಮ ಕಾರಿನಲ್ಲಿ ಚೈಲ್ಡ್ ಸೀಟಿನಲ್ಲಿ ಬರಲಿ ಅಂದೆ.

"ನೀನೂ ನಿನ್ನ ತಂಗಿಯೂ ಇದ್ರಲ್ಲೇ ದೊಡ್ಡಾದ್ರಿ" ಅಂದರು ಅಪ್ಪಯ್ಯ. ಹೌದು. ಕಡಾಯಿಗಳ ನಡುವೆ ಮಲಗಿಕೊಂಡು, ಬೆಲ್ಟ್ ಇಲ್ಲದೆ ಎಷ್ಟೋ ರಾತ್ರಿ ಬಂದಿದ್ದೇವೆ. ಏನೂ ಆಗಲಿಲ್ಲ ಅನ್ನೋದು ನಮ್ಮ ಪುಣ್ಯ. ಅದನ್ನೇ ಮಗಳ ವಿಷಯದಲ್ಲಿ ಮತ್ತೊಮ್ಮೆ ನೆಚ್ಚಿಕೊಳ್ಳೋಕೆ ನನಗೆ ಧೈರ್ಯವಿಲ್ಲ. ಅವತ್ತು ಅಪ್ಪಯ್ಯ ಮಾತಾಡಲಿಲ್ಲ. ಎರಡು ಗಾಡಿಯಲ್ಲಿ ಹೊರಟೆವು, ಅವರು ಮುಂದೆ, ನಾವು ಹಿಂದೆ. ತಿಪಟೂರಿನ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ನಮ್ಮ ಕಾರಿಗೆ ಬಂದು, ಮಗುವಿನ ಸೀಟಿನ ಬೆಲ್ಟುಗಳನ್ನು ಒಂದೊಂದೇ ಎಳೆದು ನೋಡಿ, "ಗಟ್ಟಿ ಇದ್ದು" ಅಂದರು. ಈಗ ಒಂದು ಒಪ್ಪಂದ ಆಗಿದೆ. ದೂರದ ದಾರಿಗೆ, ರಾತ್ರಿ ಪಯಣಕ್ಕೆ ಕ್ವಾಲಿಸ್ ಇಲ್ಲ. ಅಪ್ಪಯ್ಯನೂ ಅರವತ್ತೆಂಟು ದಾಟಿದರು, ಈಗ ಒಪ್ಪಿಕೊಳ್ಳೋದು ಸಾಗರ, ಸೊರಬ, ಸಿದ್ದಾಪುರದ ಕಡೆಯ ಕೆಲಸ ಮಾತ್ರ. ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ಆದರೆ ಹೆಚ್ಚು.

ಈಗಿನ ಚಿಂತೆ ಬೇರೆ. ಮೇಸ್ತ್ರಿ ಗ್ಯಾರೇಜು ಮುಚ್ಚುತ್ತಿದ್ದಾರೆ. ಕಣ್ಣಿನ ಆಪರೇಷನ್ ಆಗಿದೆ, ಗುಂಡಿಗೆ ಇಳಿದರೆ ಹತ್ತೋಕೆ ಕಷ್ಟ. ಅವರ ಹತ್ತಿರ ಇದ್ದ ಹುಡುಗ ಶಿವಮೊಗ್ಗದಲ್ಲಿ ಸ್ಕ್ಯಾನರ್ ಇಟ್ಟು ನೋಡುವ ಗ್ಯಾರೇಜಿಗೆ ಸೇರಿದ್ದಾನೆ. ಅವನ ಹೊಟ್ಟೆಪಾಡಿಗೆ ಅದೇ ಸರಿ. ಹೋದ ತಿಂಗಳು ಊರಿಗೆ ಹೋದಾಗ ನನ್ನ ಶೀಟನ್ನು ಪ್ರಿಂಟ್ ತೆಗೆದು ಮೇಸ್ತ್ರಿಗೆ ಕೊಟ್ಟೆ. ಇನ್ಯಾರ ಕೈಗೆ ಗಾಡಿ ಹೋದರೂ ಏನು ಯಾವಾಗ ಮಾಡಬೇಕು ಅಂತ ಗೊತ್ತಾಗಲಿ, ತಪ್ಪಿದ್ದರೆ ತಿದ್ದಿ ಕೊಡಿ ಅಂದೆ. ಕನ್ನಡಕ ಹಾಕಿಕೊಂಡು ಒಂದು ಗಂಟೆ ಕೂತು ಓದಿದರು. ಎರಡು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಗೇರ್‌ಬಾಕ್ಸ್ ಆಯಿಲಿಗೆ ನಾನು ಬರೆದ ಅವಧಿ ಜಾಸ್ತಿ ಆಯಿತಂತೆ. ಡಿಫರೆನ್ಷಿಯಲ್ ಆಯಿಲ್ ಪಟ್ಟಿಯಲ್ಲೇ ಇಲ್ಲ, ಬರ್ಕೋ ಅಂದರು.

ಮುಂದಿನ ಬೆಲ್ಟ್ 5,90,000ಕ್ಕೆ. ಈಗಿನ ಓಟದಲ್ಲಿ ಎರಡು ವರ್ಷಕ್ಕೂ ಮೇಲೆ ಬೇಕು. ಆಮೇಲೆ ಸಿಗುತ್ತೋ ಇಲ್ಲವೋ, ಈಗಲೇ ಒಂದು ತಂದಿಡಲಾ ಅಂತ ಕೇಳಿದೆ.

"ಬೇಡ ತಮ್ಮಾ, ರಬ್ಬರು ಡಬ್ಬೀಲಿದ್ರೂ ವಯಸ್ಸಾಗ್ತದೆ. ಹೊತ್ತಿಗೆ ಸರಿಯಾಗಿ ತಗೊಂಬಾ. ನಿಮ್ಮ ಅಂಗಳದಲ್ಲೇ ಹಾಕೋಣ, ನಾನೇ ಬರ್ತೀನಿ. ಬಿಚ್ಚೋಕೆ ಒಬ್ಬ ಹುಡುಗನ್ನ ಕೊಡಿ ಸಾಕು. ಟೆನ್ಷನರ್ ಮಾತ್ರ ಲೋಕಲ್ ತರಬೇಡ."